ಬೈಕಿರುವ ಮನೆಗೆ ಬಡವರ ಕಾರ್ಡು ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟ. ಹದಿನೈದು ವರ್ಷದಿಂದ ಒಂದೇ ಮನೆಯ ಗಂಡ ಹೆಂಡತಿ ಕೆಲಸಕ್ಕೆ ಬರುತ್ತಾರೆ. ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಅವರಿಗೆ ಬಿಪಿಎಲ್ ಕಾರ್ಡಿದೆ. ಅಕ್ಕಿ ಪುಕ್ಕಟೆ, ಹೆಂಡತಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ. ಮನೆಯಲ್ಲಿ ದೊಡ್ಡ ಟಿವಿ, ಮಗನಿಗೆ ಕಂತಿನ ಮೇಲೆ ಬೈಕು, ಎಲ್ಲರ ಕೈಯಲ್ಲೂ ಟಚ್ ಮೊಬೈಲು. ಹೋದ ವರ್ಷ ಮಗಳ ಮದುವೆಗೆ ಮೂರು ಲಕ್ಷ ಸುರಿದರು. ಆದರೆ ಆಷಾಢ ಬಂತೆಂದರೆ ನಮ್ಮ ಜಗುಲಿಯಲ್ಲಿ ನಿಂತು ಮುಂಗಡ ಕೇಳುತ್ತಾರೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚೋದು ಕಲೀಲಿಲ್ಲ, ಅದೇ ಇವರ ಬಡತನ’ ಎನ್ನುತ್ತಾರೆ ನಮ್ಮ ಅತ್ತೆ. ಬಡತನ ಅಂದರೆ ದುಡ್ಡಿಲ್ಲದಿರುವುದೋ, ಖರ್ಚು ಮಾಡಲು ಬಾರದಿರುವುದೋ? ಮುಂಗಡ ಕೊಡಬೇಕೋ ಬೇಡವೋ?

ಉತ್ತರ: ಅತ್ತೆಯವರ ಮಾತು ನನಗೆ ಹೊಸದಲ್ಲ. ಒಂದು ಕಾಲದಲ್ಲಿ ನಾನೂ ಅದನ್ನೇ ಹೇಳಿದ್ದೇನೆ, ಅದೂ ಫಾರಂ ಮೇಲೆ ಬರೆದು.

ಮನೆಮನೆಗೆ ಹೋಗಿ ಖರ್ಚಿನ ಲೆಕ್ಕ ಬರೆದುಕೊಂಡು ಬರುವ ಸರ್ವೆ ಕೆಲಸಕ್ಕೆ ಸೇರಿದ ಹೊಸತು. ಹೊಸನಗರದ ಆಚೆ ಒಂದು ಹಳ್ಳಿ, ಬಿಟ್ಟೂ ಬಿಡದ ಮಳೆ. ಸೋಗೆ ಹೊದಿಸಿದ ಮನೆಯೊಂದರ ಕಟ್ಟೆಯ ಮೇಲೆ ಕೂತು ಫಾರಂ ತೆಗೆದರೆ ಒಳಗಿಂದ ಕೋಳಿ ಸಾರಿನ ಘಮ. ಹಿಂದಿನ ಮೂವತ್ತು ದಿನದಲ್ಲಿ ಏನೇನು ತಿಂದಿರಿ ಎಂದು ಕೇಳುವುದು ಕ್ರಮ. ಮನೆಯಾಕೆ ಬೆರಳು ಮಡಚಿ ಹೇಳಿದರು: ಒಂಬತ್ತು ಕೋಳಿ. ಮನೆಯಲ್ಲೇ ಸಾಕಿದ್ದಾದರೂ ದರ ಕಟ್ಟಿ ಖರ್ಚಿಗೆ ಸೇರಿಸಬೇಕು. ಸೇರಿಸಿದೆ. ಆ ಊರಲ್ಲಿ ನಾನು ಬರೆದ ಮನೆಗಳಲ್ಲೆಲ್ಲ ಮಾಂಸದ ಖರ್ಚು ಇವರದ್ದೇ ಮೇಲೆ. ಷರಾ ಕಾಲಮ್ಮಿನಲ್ಲಿ ‘ಊಟಕ್ಕೆ ಕೊರತೆ ಕಾಣುವುದಿಲ್ಲ’ ಎಂದೂ ಗೀಚಿದೆ.

ಪಕ್ಕದ ಮನೆಯ ಮುದುಕರೊಬ್ಬರಿಗೆ ಇದನ್ನು ಹೇಳಿದರೆ ಅವರು ನನ್ನ ಮುಖ ನೋಡಿದರು. “ಕೊಕ್ಕರೆ ರೋಗ ಮಾರಾಯ್ರೆ. ಇವತ್ತು ಒಂದು ಬಿತ್ತು, ನಾಳೆ ಎರಡು. ಸಾಯೋದ್ರೊಳಗೆ ಕೊಯ್ದು ತಿನ್ನೋದು ಬಿಟ್ಟು ಇನ್ನೆಂತ ಮಾಡ್ತಾರೆ?”

ವಾಪಸು ಹೋಗಿ ಗೂಡು ನೋಡಿದೆ. ಒಂದು ಹೇಂಟೆ ಕತ್ತು ಇಳಿಬಿಟ್ಟುಕೊಂಡು ಕೂತಿತ್ತು. ಆ ಮನೆಯವರು ತಿನ್ನುತ್ತಿದ್ದದ್ದು ಕೋಳಿಯನ್ನಲ್ಲ, ಬರುವ ದೀಪಾವಳಿಗೆ ಮಾರಿ ಮಕ್ಕಳಿಗೆ ಬಟ್ಟೆ ತರಬೇಕಾಗಿದ್ದ ದುಡ್ಡನ್ನು. ಆಸ್ತಿ ಕರಗಿ ಸಾರಾಗುತ್ತಿದ್ದರೆ ನನ್ನ ಫಾರಂ ಅವರನ್ನು ಉಳ್ಳವರೆಂದು ತೋರಿಸುತ್ತಿತ್ತು. ಷರಾ ಹೊಡೆದುಹಾಕಿದೆ. ಅಂಕಿ ಹೊಡೆಯಲು ಬರುವುದಿಲ್ಲ, ಅದು ಹಾಗೇ ಹೋಯಿತು.

ನಿಮ್ಮ ಪ್ರಶ್ನೆಯನ್ನು ಹಗುರವಾಗಿ ನೋಡದಿರಲು ಇನ್ನೂ ಒಂದು ಕಾರಣವಿದೆ. ನಮ್ಮ ದೇಶದಲ್ಲಿ ಬಡತನದ ಗೆರೆ ಎಳೆದದ್ದೇ ಖರ್ಚು ನೋಡಿ, ಆದಾಯ ನೋಡಿ ಅಲ್ಲ. ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ 1971ರಲ್ಲಿ ದಿನಕ್ಕೆ 2,250 ಕ್ಯಾಲೊರಿಯ ಊಟ ಸಿಗಲು ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿದರು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಗೆ 2,400, ಪೇಟೆಗೆ 2,100 ಕ್ಯಾಲೊರಿ ಎಂದಿತು. 2009ರ ತೆಂಡೂಲ್ಕರ್ ಸಮಿತಿ ಕ್ಯಾಲೊರಿಗೆ ಕಟ್ಟುಬೀಳದೆ ಶಾಲೆ, ಆಸ್ಪತ್ರೆಯ ಖರ್ಚನ್ನೂ ಸೇರಿಸಿತು. ಆ ಲೆಕ್ಕದಲ್ಲಿ 2011-12ಕ್ಕೆ ಕರ್ನಾಟಕದ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 902 ರೂಪಾಯಿ, ಪಟ್ಟಣದಲ್ಲಿ 1,089 ರೂಪಾಯಿ. ಅದಕ್ಕಿಂತ ಹೆಚ್ಚು ಖರ್ಚು ಮಾಡಿದವರು ಬಡವರಲ್ಲ. ಖರ್ಚನ್ನೇ ಹಿಡಿದದ್ದಕ್ಕೆ ಕಾರಣವೂ ಇದೆ. ಒಂದು ದಿನ ತೋಟ, ಒಂದು ದಿನ ಗದ್ದೆ, ನಾಲ್ಕು ದಿನ ಖಾಲಿ, ಹೀಗೆ ದುಡಿಯುವವರಿಗೆ ‘ನಿಮ್ಮ ವರಮಾನವೆಷ್ಟು’ ಎಂದರೆ ಉತ್ತರ ಹೊಳೆಯುವುದಿಲ್ಲ. ಏನು ತಂದಿರಿ, ಏನು ತಿಂದಿರಿ ಎಂದರೆ ನೆನಪಿರುತ್ತದೆ.

ಲಕ್ಷಾಂತರ ಮನೆಗಳ ಸರಾಸರಿ ತೆಗೆಯಲು ಇದು ಒಳ್ಳೆಯ ಉಪಾಯ. ಒಂದು ಮನೆಯನ್ನು ತೂಗಲು ಕೆಟ್ಟ ತಕ್ಕಡಿ. ನಿಮ್ಮ ಕೆಲಸದಾಕೆಗೆ ಗರ್ಭಕೋಶದ ಆಪರೇಷನ್ ಆಯಿತೆಂದುಕೊಳ್ಳಿ. ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಸೇರದ ಔಷಧಿ, ಸ್ಕ್ಯಾನಿಂಗು, ಜೊತೆಗಿದ್ದವರ ಊಟ, ಮಣಿಪಾಲಕ್ಕೆ ನಾಲ್ಕು ಸಲ ಓಡಾಟ, ಎಲ್ಲ ಸೇರಿ 60,000 ಸಾಲ. ಐದು ಜನರ ಮನೆಗೆ ಹಂಚಿದರೆ ತಲೆಗೆ ತಿಂಗಳಿಗೆ ಸಾವಿರ ರೂಪಾಯಿ ಖರ್ಚು ಏರಿತು. ಸಾಲದಲ್ಲಿ ಮುಳುಗಿದ ವರ್ಷವೇ ಪುಸ್ತಕದಲ್ಲಿ ಅವರು ಮೇಲೆದ್ದ ವರ್ಷ.

ಊಟದ ಪಾಲಿನ ಲೆಕ್ಕವೂ ಹೀಗೆಯೇ. ಜರ್ಮನಿಯ ಎಂಗೆಲ್ ಎಂಬ ಲೆಕ್ಕಶಾಸ್ತ್ರಜ್ಞ 1857ರಲ್ಲಿ ಕೆಲಸಗಾರರ ಮನೆಯ ಖರ್ಚು ನೋಡಿ, ಬಡತನ ಹೆಚ್ಚಿದಷ್ಟೂ ಒಟ್ಟು ಖರ್ಚಿನಲ್ಲಿ ಊಟದ ಪಾಲು ಹೆಚ್ಚು ಎಂದ. ಇವತ್ತಿಗೂ ಬಹುಮಟ್ಟಿಗೆ ನಿಜ. 2022-23ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹಳ್ಳಿಗಳ ಊಟದ ಪಾಲು ಶೇ 46ಕ್ಕೆ ಇಳಿದಿತ್ತು, 2011-12ರಲ್ಲಿ ಅದು ಶೇ 53ರ ಹತ್ತಿರವಿತ್ತು. ಒಳ್ಳೆಯ ಸುದ್ದಿಯೇ. ಆದರೆ ನಮ್ಮಲ್ಲಿ 2013ರಿಂದ ಅನ್ನಭಾಗ್ಯವಿದೆ. ಮೊದಲು ಕೂಲಿಯ ದೊಡ್ಡ ಪಾಲು ಅಕ್ಕಿ ಅಂಗಡಿಗೆ ಹೋಗುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಅದೇ ದುಡ್ಡು ಟಿವಿಯಾಗಿ ಗೋಡೆಯ ಮೇಲೆ ಕೂತಿದೆ. ಅಕ್ಕಿ ಹೊಟ್ಟೆಗೆ ಹೋಗಿ ಮರೆಯಾಗುತ್ತದೆ, ಟಿವಿ ಹಾದಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಅಷ್ಟೇ ವ್ಯತ್ಯಾಸ.

ಹೀಗೆ ಕಣ್ಣಿಗೆ ಬೀಳುವ ಸಾಮಾನು ಎಣಿಸಿ ಬಡವರನ್ನು ಆರಿಸುವ ಕೆಲಸಕ್ಕೆ ಸರ್ಕಾರಗಳೂ ಕೈಹಾಕಿ ನೋಡಿವೆ. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಮೋಟಾರ್ ಬೈಕೋ ಫ್ರಿಜ್ಜೋ ಇದ್ದರೆ ಬಡವರ ಪಟ್ಟಿಯಿಂದ ತನ್ನಿಂತಾನೇ ಹೊರಗೆ. ನಮ್ಮ ರಾಜ್ಯದಲ್ಲಿ 2021ರ ಫೆಬ್ರವರಿಯಲ್ಲಿ ಆಗಿನ ಆಹಾರ ಸಚಿವರು ಟಿವಿ, ಫ್ರಿಜ್ಜು, ಬೈಕು ಇದ್ದವರು ಮಾರ್ಚ್ ಕೊನೆಯೊಳಗೆ ಬಿಪಿಎಲ್ ಕಾರ್ಡು ವಾಪಸು ಕೊಡಬೇಕೆಂದರು. ಎಲ್ಲ ಕಡೆಯಿಂದ ಗಲಾಟೆಯೆದ್ದು ಮಾತು ಹಿಂದಕ್ಕೆ ಹೋಯಿತು. ಮುಂದೆ ಕೇಂದ್ರದ ಗ್ರಾಮೀಣ ವಸತಿ ಯೋಜನೆಯಲ್ಲೂ ಬೈಕು, ಫ್ರಿಜ್ಜಿನ ಷರತ್ತು ಬಿಟ್ಟರು. ಎರಡನೇ ಕೈ ಬೈಕಿನ ಬೆಲೆಗೆ ಒಂದು ಒಳ್ಳೆಯ ಹಸು ಬರುವುದಿಲ್ಲ ಎನ್ನುವುದು ಅಧಿಕಾರಿಗಳಿಗೂ ಗೊತ್ತಾಗಿರಬೇಕು.

ಇನ್ನು ನಿಮ್ಮವರ ಕಾರ್ಡಿನ ವಿಷಯ. ಕರ್ನಾಟಕದಲ್ಲಿ ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷದೊಳಗಿರಬೇಕು. ಗಂಡಾಳಿಗೆ 600, ಹೆಣ್ಣಾಳಿಗೆ 400 ಎಂದರೂ ಇಬ್ಬರೂ 120 ದಿನ ಕೆಲಸಕ್ಕೆ ಹೋದರೆ ಅಷ್ಟಾಯಿತು. 121ನೇ ದಿನ ಅವರು ಕಾಗದದ ಮೇಲೆ ಬಡವರಲ್ಲ. ಉಳಿದ 244 ದಿನ ಏನು ಉಣ್ಣುತ್ತಾರೆ ಎಂದು ಕೇಳುವ ಕಾಲಂ ಅರ್ಜಿಯಲ್ಲಿಲ್ಲ. ಕಾರ್ಡು ದಕ್ಕಬಾರದವರಿಗೆ ದಕ್ಕಿದ್ದೂ ಇದೆ. ನಾಲ್ಕು ಎಕರೆ ಫಸಲು ಬರುವ ತೋಟವನ್ನು ಅಣ್ಣತಮ್ಮಂದಿರ ಹೆಸರಿಗೆ ಚೂರುಚೂರು ಮಾಡಿ ಕಾರ್ಡು ಮಾಡಿಸಿಕೊಂಡ ಮನೆಗಳು ನಿಮ್ಮೂರಲ್ಲೂ ಇದ್ದಾವು. ಅವರ ಟಿವಿ ಯಾರ ಕಣ್ಣನ್ನೂ ಚುಚ್ಚುವುದಿಲ್ಲ ಯಾಕೆ ಎನ್ನುವುದನ್ನೂ ಒಮ್ಮೆ ಯೋಚಿಸಿ.

ಈಗ ಒಂದು ನೋಟ್‌ಬುಕ್ಕಿನ ಕತೆ.

ನನ್ನ ಅಕ್ಕನ ಮನೆ ಸಾಗರದ ಹತ್ತಿರ. ಅಡಿಕೆ ಸುಲಿತದ ಕಾಲದಲ್ಲಿ ರಾತ್ರಿ ಹತ್ತರವರೆಗೂ ಅಂಗಳದಲ್ಲಿ ಮೆಟ್ಟುಗತ್ತಿಯ ಸಾಲು. ಅಲ್ಲಿಗೆ ಬರುವ ಒಬ್ಬಾಕೆ ಮಗನ ಹಳೇ ಶಾಲೆ ಪುಸ್ತಕದ ಖಾಲಿ ಹಾಳೆಗಳಲ್ಲಿ ಮನೆಯ ಲೆಕ್ಕ ಬರೆದಿಡುತ್ತಾರೆ. ಒಂದು ಕಡೆ ಎಂಟನೇ ಕ್ಲಾಸಿನ ವಿಜ್ಞಾನ, ತಿರುಗಿಸಿ ಹಿಂದಿನಿಂದ ತೆಗೆದರೆ ಸಕ್ಕರೆ, ಎಣ್ಣೆ. “ಮೇಷ್ಟ್ರು ಲೆಕ್ಕದವರಂತಲ್ಲ, ಇದನ್ನ ಒಂಚೂರು ನೋಡಿ, ಎಲ್ಲಿ ಸೋರ್ತದೆ ಅಂತ ಗೊತ್ತಾಗಲ್ಲ” ಎಂದು ಅವರೇ ಕೊಟ್ಟರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆ ಪುಸ್ತಕ ಎರಡು ದಿನ ನನ್ನ ಹತ್ತಿರವಿತ್ತು. ಇಲ್ಲಿ ಬರೆಯಲು ಅವರ ಒಪ್ಪಿಗೆಯಿದೆ, ಹೆಸರು ಬೇಡವೆಂದರು.

ಡಿಸೆಂಬರಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ 24 ದಿನ ಕೆಲಸ, 24,000 ರೂಪಾಯಿ. ಅದೇ ವರ್ಷದ ಜುಲೈಯಲ್ಲಿ ನಟ್ಟಿಯ ದಿನಗಳೂ ಸೇರಿ 9 ದಿನ, 9,000 ರೂಪಾಯಿ. ಮನೆಯಲ್ಲಿ ಅತ್ತೆ ಸೇರಿ ಐದು ಜನ. ಡಿಸೆಂಬರಿನಲ್ಲಿ ತಲೆಗೆ 4,800, ಜುಲೈಯಲ್ಲಿ 1,800. ಡಿಸೆಂಬರಿನಲ್ಲಿ ಇವರ ಮನೆಗೆ ಹೋದವರು ಮಧ್ಯಮ ವರ್ಗ ಎನ್ನಬಹುದು. ಜುಲೈಯಲ್ಲಿ ಹೋದವರು ಬೇರೆಯದನ್ನೇ ಹೇಳುತ್ತಾರೆ. ನಿಮ್ಮ ಅತ್ತೆಯವರು ಹೇಳಿದ ಹಾಸಿಗೆ ಈ ಮನೆಯಲ್ಲಿ ತಿಂಗಳಿಗೊಂದು ಅಳತೆಗೆ ಹಿಗ್ಗಿ ಕುಗ್ಗುತ್ತದೆ. ಕಾಲು ಮಾತ್ರ ಅಷ್ಟೇ ಉದ್ದ.

ಡಿಸೆಂಬರಿನ ಪುಟ ತುಂಬಿ ತುಳುಕುತ್ತಿತ್ತು. ಅಂಗಡಿಯ ಹಳೇ ಬಾಕಿ 4,600. ಚೀಟಿ 2,000. ಮೊಬೈಲ್ ಕಂತು 1,250. ಕಂಬಳಿ 900. ಮುಯ್ಯಿ 1,000. ‘ಅತ್ತೆ ಬಿಪಿ ಮಾತ್ರೆ 30’.

ಜುಲೈಯ ಪುಟ ಅರ್ಧಕ್ಕೇ ನಿಂತಿತ್ತು. ಸಂಘದ ಸಾಲದ ಕಂತು ‘ಸಂಘ 620’ ಎಂದು ನಾಲ್ಕು ಸಲ, ಅಂದರೆ ಬಂದ ಒಂಬತ್ತು ಸಾವಿರದಲ್ಲಿ 2,480 ಹೋಯಿತು. ಆಮೇಲೆ ಹತ್ತು ರೂಪಾಯಿಯ ಟೀ ಪುಡಿ, ಮತ್ತೆ ಹತ್ತು ರೂಪಾಯಿಯ ಟೀ ಪುಡಿ, ಒಣಮೀನು 40, ಮೊಟ್ಟೆ ನಾಲ್ಕು. ‘ಅತ್ತೆ ಬಿಪಿ ಮಾತ್ರೆ 10’.

ಮೊದಲ ಸಲ ಓದಿದಾಗ ಹತ್ತು ಮತ್ತು ಮೂವತ್ತರ ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲಿಲ್ಲ. ಎರಡನೇ ಸಲ ಬಿತ್ತು. ಕೇಳಿದೆ. “ಮಳೆಗಾಲದಲ್ಲಿ ಒಂದಿನ ಬಿಟ್ಟು ಒಂದಿನ ಕೊಡ್ತೀವಿ. ತಲೆ ತಿರುಗಿದ್ರೆ ಅವತ್ತು ಹೆಚ್ಚಿಗೆ ಒಂದು” ಎಂದರು, ಅಡಿಕೆಯಿಂದ ಕಣ್ಣೆತ್ತದೆ. ಹತ್ತು ಮಾತ್ರೆ ತಿಂಗಳಿಗೆ ಒಂದಿನ ಬಿಟ್ಟು ಒಂದಿನಕ್ಕೂ ಸಾಲದು, ಅದನ್ನು ನಾನು ಹೇಳಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದಲ್ಲ ಎಂದೆ. ಆಸ್ಪತ್ರೆ ಒಂಬತ್ತು ಕಿಲೋಮೀಟರು. ಮಳೆಗಾಲದಲ್ಲಿ ಸಿಕ್ಕಿದ್ದೇ ಒಂಬತ್ತು ದಿನದ ಕೆಲಸ, ಅದರಲ್ಲಿ ಒಂದು ದಿನ ಕಳೆದುಕೊಂಡು ಪುಕ್ಕಟೆ ಮಾತ್ರೆಗೆ ಹೋದರೆ ಅದು 400 ರೂಪಾಯಿಯ ಮಾತ್ರೆ.

ಎಲ್ಲಿ ಸೋರುತ್ತದೆ ಎಂದು ಕೇಳಿದ್ದರಲ್ಲ. ಎರಡು ದಿನ ಹುಡುಕಿದೆ, ದೊಡ್ಡ ತೂತು ಸಿಗಲಿಲ್ಲ. ಮೊಬೈಲ್ ಕಂತೊಂದನ್ನು ತೋರಿಸಬಹುದಿತ್ತು. ಅದನ್ನು ತೆಗೆದರೂ ಜುಲೈ ಜುಲೈಯೇ.

ನಿಮ್ಮ ಮನೆಗೆ ಬರುವವರ ಬಗ್ಗೆಯೂ ನಾನು ಇಷ್ಟೇ ಹೇಳುವುದು. ಅವರು ಮಾಡಿದ ಖರ್ಚು ನಿಮಗೆ ಕಾಣುತ್ತದೆ, ಮಾಡದೇ ಬಿಟ್ಟದ್ದು ಕಾಣುವುದಿಲ್ಲ. ಕಂತಿನ ಬೈಕು ರಸ್ತೆಯಲ್ಲಿ ನಿಂತಿರುತ್ತದೆ. ಕೀಳಿಸದೇ ಬಿಟ್ಟ ಹುಳುಕು ಹಲ್ಲು, ಮಗಳಿಗೆ ಬಿಡಿಸಿದ ಪಿಯುಸಿ, ಮೂರನೇ ವರ್ಷಕ್ಕೂ ಹೊದಿಸದ ಹೆಂಚು ಇವಕ್ಕೆಲ್ಲ ರಸೀದಿಯಿಲ್ಲ. ಒಂದು ಮನೆಯ ಬಡತನ ಗೊತ್ತಾಗಬೇಕಾದರೆ ಈ ಬಿಟ್ಟ ಖರ್ಚಿನ ಪಟ್ಟಿ ಬೇಕು, ಅದು ಹದಿನೈದು ವರ್ಷ ಒಟ್ಟಿಗೆ ಕೆಲಸ ಮಾಡಿದವರಿಗೂ ಸುಲಭಕ್ಕೆ ಸಿಗುವುದಿಲ್ಲ.

ಬೈಕು, ಮೊಬೈಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮಗೇ ಗೊತ್ತಿರುತ್ತದೆ. ನಾಳೆ ಯಾರ ತೋಟದಲ್ಲಿ ಕೆಲಸ ಎನ್ನುವುದು ಸಂಜೆ ಏಳಕ್ಕೆ ಮೊಬೈಲಿನಲ್ಲೇ ತೀರ್ಮಾನವಾಗುತ್ತದೆ. ನೀವೂ ಅವರನ್ನು ಕರೆಯುವುದು ಹಾಗೆಯೇ ಅಲ್ಲವೇ? ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಇಳಿದು ಹತ್ತಬೇಕಾದ ಊರುಗಳು ನಮ್ಮವು. ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ಸರ್ಕಾರ ಹೇಳಿದರೂ ನಮ್ಮ ಕಡೆ ಓಡುವುದರಲ್ಲಿ ಹೆಚ್ಚಿನವು ಖಾಸಗಿ ಬಸ್ಸು. ಬೈಕಿಲ್ಲದ ಹುಡುಗನಿಗೆ ನಡೆದು ಹೋಗುವಷ್ಟು ದೂರದ ಕೆಲಸವೇ ಕೆಲಸ, ಅಲ್ಲಿ ಕೊಟ್ಟದ್ದೇ ಕೂಲಿ. ಟಿವಿಯ ಪರವಾಗಿ ಮಾತ್ರ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಕೆಲಸವಿಲ್ಲದೆ, ಹೊರಗೆ ಕಾಲಿಡಲಾಗದೆ ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಐದು ಜನ ಕೂರುವುದು ಹೇಗೆ ಎನ್ನುವುದನ್ನು ಕಂಡವರು ಟಿವಿಯನ್ನು ದುಂದು ಎನ್ನಲಾರರು. ಬಡವರಿಗೂ ಬೇಸರವಾಗುತ್ತದೆ. ಇದನ್ನು ಒಪ್ಪಿಕೊಳ್ಳಲು ಉಳ್ಳವರಿಗೆ ಯಾಕೋ ಕಷ್ಟ.

ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ 1899ರಲ್ಲಿ ಚಾಕೊಲೇಟ್ ಕಾರ್ಖಾನೆಯ ಮನೆತನದ ಸೀಬೋಮ್ ರೌನ್‌ಟ್ರಿ ಕೆಲಸಗಾರರ ಮನೆಮನೆ ಸರ್ವೆ ಮಾಡಿಸಿದ. ಬಡತನವನ್ನು ಅವನು ಎರಡು ಮಾಡಿದ. ಆದಾಯವೇ ಸಾಲದ್ದು ಒಂದು. ಆದಾಯ ಸಾಲುವಂತಿದ್ದೂ ಒಂದಿಷ್ಟು ಬೇರೆ ಕಡೆ ಹೋಗಿ ಹೊಟ್ಟೆಗೆ ಕಡಿಮೆಯಾಗುವುದು ಇನ್ನೊಂದು. ನಿಮ್ಮ ಅತ್ತೆಯವರು ಹೇಳುವುದು ಈ ಎರಡನೆಯದನ್ನು, ನೂರಿಪ್ಪತ್ತು ವರ್ಷ ಹಳೆಯ ಮಾತು. ಆದರೆ ಅದೇ ರೌನ್‌ಟ್ರಿ ತನ್ನ ಮೊದಲ ಗೆರೆಯ ಮೇಲೆ ಬದುಕುವ ಮನೆ ಹೇಗಿರಬೇಕಾಗುತ್ತದೆ ಎಂದೂ ಬರೆದ: ರೈಲು ಹತ್ತುವಂತಿಲ್ಲ, ಪೇಪರ್ ಕೊಳ್ಳುವಂತಿಲ್ಲ, ದೂರದ ಮಗನಿಗೆ ಕಾಗದ ಹಾಕುವಂತಿಲ್ಲ ಯಾಕೆಂದರೆ ಅಂಚೆಗೆ ದುಡ್ಡಿಲ್ಲ, ಚರ್ಚಿಗೆ ಕಾಣಿಕೆಯಿಲ್ಲ, ನೆರೆಯವರಿಗೆ ಕೈನೀಡುವಂತಿಲ್ಲ. ಮೈಯಲ್ಲಿ ಕಸುವು ಉಳಿಯಲು ಬೇಕಾದಷ್ಟು ಮಾತ್ರ. ಹಾಗೆ ಬದುಕಿ ತೋರಿಸಿ ಎನ್ನುವುದಲ್ಲ ಅವನ ಅರ್ಥ, ಹಾಗೆ ಯಾರೂ ಬದುಕುವುದಿಲ್ಲ ಎನ್ನುವುದು.

ಮದುವೆಯ ಮೂರು ಲಕ್ಷಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ನಿಜಕ್ಕೂ ಕಷ್ಟವಾದದ್ದು ಇದು.

ರಾಜಸ್ಥಾನದ ಉದಯಪುರ ಜಿಲ್ಲೆಯ ಕಡುಬಡವರ ಖರ್ಚನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೊ ಬಿಡಿಸಿ ನೋಡಿ 2007ರಲ್ಲಿ ಪ್ರಕಟಿಸಿದರು. ಮದುವೆ, ಸಾವಿನ ಕಾರ್ಯ, ಹಬ್ಬಗಳಿಗೆ ವರ್ಷದ ಖರ್ಚಿನಲ್ಲಿ ಸುಮಾರು ಶೇ 10. ಅದೇ ಮನೆಗಳಲ್ಲಿ ಶೇ 37ರಷ್ಟು, ವರ್ಷದಲ್ಲಿ ಎಂದಾದರೂ ಒಂದು ದಿನ ದೊಡ್ಡವರು ಪೂರ್ತಿ ಉಪವಾಸ ಮಲಗಿದ್ದುಂಟು ಎಂದಿದ್ದವು. ಎರಡೂ ಒಂದೇ ಮನೆಗಳ ಮಾತು. ಹಬ್ಬ ಮಾಡಿದರು, ಹಾಗಾಗಿ ಹಸಿವಿಲ್ಲ ಎನ್ನುವ ಲೆಕ್ಕ ಅಲ್ಲೂ ನಡೆಯಲಿಲ್ಲ.

ನಮ್ಮ ಕಡೆಯ ಮದುವೆಯಲ್ಲಿ ಇನ್ನೊಂದು ಲೆಕ್ಕವಿದೆ, ಅದು ಮುಯ್ಯಿ. ಆ ನೋಟ್‌ಬುಕ್ಕಿನ ಕೊನೆಯ ನಾಲ್ಕು ಹಾಳೆ ಪೂರ್ತಿ ಮುಯ್ಯಿಯದ್ದೇ. ಎಡಗಡೆ ಯಾರ ಮನೆಯ ಯಾವ ಕಾರ್ಯಕ್ಕೆ ಎಷ್ಟು ಹಾಕಿದ್ದು, ಬಲಗಡೆ ಅವರಿಂದ ಬಂದದ್ದು. 500, 500, 1,000, ‘ಅಕ್ಕಿ 25 ಕೆಜಿ’, ‘ಚಪ್ಪರಕ್ಕೆ ಎರಡು ದಿನ ಆಳು’. ಹನ್ನೆರಡು ವರ್ಷದಿಂದ ಬೇರೆಯವರ ಮದುವೆಗೆ ಹಾಕುತ್ತ ಬಂದದ್ದು ತಮ್ಮ ಮಗಳ ಮದುವೆಯಲ್ಲಿ ತಿರುಗಿ ಬರುತ್ತದೆ. ಪಹಣಿಯಿಲ್ಲದ, ಬ್ಯಾಂಕು ಹತ್ತಿರ ಸೇರಿಸದ ಜನ ಕಟ್ಟಿಕೊಂಡ ಬ್ಯಾಂಕು ಇದು. ನಟ್ಟಿಯಲ್ಲಿ ಮುಯ್ಯಾಳು ಹೇಗೋ ದುಡ್ಡಿನಲ್ಲಿ ಮುಯ್ಯಿ ಹಾಗೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಆ ವರ್ಷ ಆ ಮನೆಯಲ್ಲಿ ನೆಂಟರ ಊಟಕ್ಕೇ 6,000 ಹೋಗಿತ್ತು. “ಜಾತ್ರೆಗೆ ಕರೀದಿದ್ರೆ, ನಾಳೆ ಇವರು ಬಿದ್ರೆ ಎತ್ತೋಕೆ ಯಾರು ಬರ್ತಾರೆ?” ಎಂದದ್ದು ಆಕೆಯ ಅತ್ತೆ. ಊರಿನ ಕರೆಯಿಂದ ಹೊರಗುಳಿದ ಮನೆ ಉಳಿತಾಯ ಮಾಡಿದ ಮನೆಯಾಗುವುದಿಲ್ಲ, ಒಂಟಿ ಮನೆಯಾಗುತ್ತದೆ.

ಹಾಗೆಂದು ಮೂರು ಲಕ್ಷವನ್ನು ನಾನು ಸಮರ್ಥಿಸುತ್ತಿಲ್ಲ. ಮುಯ್ಯಿ, ನೆಂಟರ ಕೈಸಹಾಯ ಕಳೆದು ಉಳಿದದ್ದಕ್ಕೆ ಬಡ್ಡಿಯ ಸಾಲ ತಂದಿದ್ದರೆ ಅದು ಮುಂದಿನ ನಾಲ್ಕೈದು ಮಳೆಗಾಲಗಳನ್ನು ನುಂಗುತ್ತದೆ. ನಮ್ಮ ಮದುವೆಗಳೆಲ್ಲ ಈಗ ಛತ್ರಕ್ಕೆ ಹೋಗಿವೆ. ತೋಟದವರ ಮದುವೆ ಶಿವಮೊಗ್ಗದ ದೊಡ್ಡ ಸಮುದಾಯ ಭವನದಲ್ಲಿ ನಡೆದರೆ, ಅದನ್ನು ಬಡಿಸಲು ಹೋದ ಮನೆಯ ಮದುವೆ ತಾಲ್ಲೂಕಿನ ಸಣ್ಣ ಭವನದಲ್ಲಿ. ಮಾದರಿ ಇಳಿದು ಬಂದದ್ದು ಮೇಲಿಂದ. ನಿಮ್ಮ ಮನೆಯ ಕೊನೆಯ ಮದುವೆಯ ಖರ್ಚನ್ನು ನಾನು ಕೇಳುವುದಿಲ್ಲ.

ಕುಡಿತದ ವಿಷಯ ನೀವು ಎತ್ತಿಲ್ಲ, ಎತ್ತುವ ಇತರ ಓದುಗರಿಗಾಗಿ ಹೇಳುತ್ತೇನೆ. ಅದು ನಿಜ, ಅದನ್ನು ಬಡತನದ ಮೇಲೆ ಹಾಕಿ ಮುಚ್ಚುವುದು ಬೇಡ. 2007ರ ಜುಲೈ ಒಂದರಿಂದ ಸಾರಾಯಿ ನಿಂತಿತು, ಅದರ ಜಾಗಕ್ಕೆ ನೈಂಟಿ ಪ್ಯಾಕೆಟ್ಟು ಬಂತು. ಸರ್ವೆಯಲ್ಲಿ ಈ ಖರ್ಚು ಸರಿಯಾಗಿ ಹೇಳುವವರಿಲ್ಲ. ಕುಡಿಯುವ ಗಂಡನಿರುವ ಮನೆಯ ಸರಾಸರಿ ತೆಗೆದು ಉಪಯೋಗವಿಲ್ಲ, ಅಲ್ಲಿ ಒಂದೇ ಸೂರಿನಡಿ ಗಂಡನ ಕಿಸೆ ಬೇರೆ, ಹೆಂಡತಿಯ ಡಬ್ಬಿ ಬೇರೆ. ಗೃಹಲಕ್ಷ್ಮಿಯ ಎರಡು ಸಾವಿರ ಯಜಮಾನಿಯ ಖಾತೆಗೇ ಹೋಗಬೇಕೆಂದು ಮಾಡಿದ್ದರಲ್ಲಿ ಅಷ್ಟರಮಟ್ಟಿಗೆ ತಿಳಿವಳಿಕೆಯಿದೆ.

ಬಡವರು, ಉಳ್ಳವರು ಎನ್ನುವ ವ್ಯತ್ಯಾಸ ಟಿವಿ ಬೈಕಿಗಿಂತ ಚೆನ್ನಾಗಿ ತಿಳಿಯುವ ಒಂದು ಜಾಗವಿದೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ 20,000 ರೂಪಾಯಿ ಬೇಕು ಎಂದರೆ ಇಬ್ಬರೂ ಏನು ಮಾಡುತ್ತೀರಿ? ನಿಮಗೆ ಸೊಸೈಟಿ ಇದೆ. ಪಹಣಿ ಇರುವುದರಿಂದ ಬೆಳೆಸಾಲ ಸಿಗುತ್ತದೆ, ರಾಜ್ಯದಲ್ಲಿ ಐದು ಲಕ್ಷದವರೆಗೆ ಅದಕ್ಕೆ ಬಡ್ಡಿಯೇ ಇಲ್ಲ. ಮಂಡಿಯಲ್ಲಿ ಅಡಿಕೆಯ ಮೇಲೆ ಮುಂಗಡ ಸಿಗುತ್ತದೆ. ಅವರಿಗೆ ಕಿವಿಯೋಲೆ ಇದೆ, ಸಂಘವಿದೆ, ಅದೂ ತೀರಿದರೆ ಮೀಟರ್ ಬಡ್ಡಿಯವರಿದ್ದಾರೆ. ಕಿರುಸಾಲದ ಬಡ್ಡಿ ಸಾಮಾನ್ಯವಾಗಿ ಶೇ 20ರ ಮೇಲೆ. ವಸೂಲಿಯ ಕಿರುಕುಳ ಎಷ್ಟರಮಟ್ಟಿಗೆ ಹೋಗಿತ್ತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದರ ಮೇಲೆ ಸುಗ್ರೀವಾಜ್ಞೆ ತರಬೇಕಾಯಿತು. ನಿಮ್ಮ ತೋಟದ ಅಡಿಕೆಯೂ ವರ್ಷಕ್ಕೊಮ್ಮೆಯೇ ಬರುವುದು, ನಿಮ್ಮ ಜುಲೈಯೂ ಖಾಲಿಯೇ. ಆದರೆ ನಿಮ್ಮ ಡಿಸೆಂಬರಿನಿಂದ ಜುಲೈಗೆ ಒಂದು ಸಂಕವಿದೆ, ಅವರು ಪ್ರತಿ ವರ್ಷ ಹಳ್ಳ ಹಾಯಬೇಕು.

ಖಾಲಿ ತಿಂಗಳಲ್ಲಿ ತಲೆಯೂ ಸರಿಯಾಗಿ ಓಡುವುದಿಲ್ಲ ಎನ್ನುವುದಕ್ಕೆ ಪುರಾವೆಯಿದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು, ಕಟಾವಿನ ದುಡ್ಡು ಕೈಸೇರಿದ ಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ಅದೇ ರೈತರು, ಅದೇ ಬಗೆಯ ಬುದ್ಧಿಪರೀಕ್ಷೆ, ದುಡ್ಡಿಲ್ಲದಾಗ ಅಂಕ ಕಡಿಮೆ. ಆಷಾಢದಲ್ಲಿ ನಿಮ್ಮ ಜಗುಲಿಯಲ್ಲಿ ನಿಂತವರ ತೀರ್ಮಾನ ನೋಡಿ ಅವರ ಗುಣ ಅಳೆಯುವ ಮೊದಲು ಇದು ನೆನಪಿರಲಿ.

ಅಳತೆ ಎಂದಾಗ ಕಾಗೋಡು ನೆನಪಾಗದೆ ಇರುವುದಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಆ ಊರಿನಲ್ಲಿ ಗೇಣಿದಾರರು ಎದ್ದು ನಿಂತರು, ಸಮಾಜವಾದಿ ನಾಯಕ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಜಗಳ ಶುರುವಾದದ್ದು ಕೊಳಗದಿಂದ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರ ಮನೆಯ ಕೊಳಗ ಸರ್ಕಾರಿ ಕೊಳಗಕ್ಕಿಂತ ದೊಡ್ಡದು. ಭತ್ತ ಅದೇ, ಗದ್ದೆ ಅದೇ, ಅಳೆಯುವವನ ಕೈಯಲ್ಲಿದ್ದ ಪಾತ್ರೆ ಬೇರೆ. ನಾವು ನಮ್ಮ ಖರ್ಚನ್ನು ಒಂದು ಕೊಳಗದಲ್ಲಿ, ಅವರ ಖರ್ಚನ್ನು ಇನ್ನೊಂದರಲ್ಲಿ ಅಳೆಯುತ್ತಿಲ್ಲವೇ ಎಂಬ ಅನುಮಾನ ನನಗೆ ನನ್ನ ಬಗ್ಗೆಯೇ ಇದೆ.

ಈಗ ಮುಂಗಡ. ಕೊಡಿ. ಕೊಡುವ ರೀತಿಯಲ್ಲಿ ಮಾತ್ರ ಎರಡು ವಿಷಯ ನೋಡಿಕೊಳ್ಳಿ. ನಮ್ಮ ಕಡೆ ಆಷಾಢದಲ್ಲಿ ಕೊಟ್ಟ ಮುಂಗಡವನ್ನು ಸುಲಿತದ ಕಾಲದಲ್ಲಿ ಆಷಾಢದ ದರಕ್ಕೇ ಮುರಿದುಕೊಳ್ಳುವುದು ರೂಢಿ. ಊರಲ್ಲಿ ಆಗ ಐವತ್ತು ನೂರು ರೂಪಾಯಿ ಏರಿರುತ್ತದೆ. 10,000 ಮುಂಗಡಕ್ಕೆ 25 ದಿನದ 400 ಮುರಿದರೆ, ಆ ಹೊತ್ತಿಗೆ ಊರಿನ ದರ 450 ಆಗಿದ್ದರೆ, ಐದು ತಿಂಗಳಿಗೆ 1,250 ರೂಪಾಯಿ ಬಡ್ಡಿ ತೆಗೆದುಕೊಂಡ ಹಾಗೆ. ಅದು ವರ್ಷಕ್ಕೆ ಶೇ 30 ಆಯಿತು, ಸಂಘಕ್ಕಿಂತ ದುಬಾರಿ. ಬಡ್ಡಿಯಿಲ್ಲದೆ ಕೊಟ್ಟೆವೆಂದು ನಾವು ನಂಬಿರುತ್ತೇವೆ. ಹಾಗಾಗಿ ಚೀಟಿಯಲ್ಲಿ ದರ ಬರೆಯಬೇಡಿ, ಕೆಲಸದ ದಿನ ಊರಲ್ಲಿ ಏನು ನಡೆಯುತ್ತದೋ ಅದರ ಮೇಲೆ ಮುರಿದುಕೊಳ್ಳಿ.

ಎರಡನೆಯದು ನನ್ನ ಅಕ್ಕ ಮಾಡುವ ಉಪಾಯ. ಸುಲಿತದ ಕಾಲದಲ್ಲಿ ಬೇಕೆಂದವರ ಸಂಬಳದಲ್ಲಿ ದಿನಕ್ಕೆ ಐವತ್ತು ರೂಪಾಯಿ ಹಿಡಿದು ಅವರದ್ದೇ ಅಂಚೆ ಕಚೇರಿ ಖಾತೆಗೆ ಕಟ್ಟುತ್ತಾಳೆ, ಪಾಸ್‌ಬುಕ್ಕು ಅವರ ಕೈಯಲ್ಲೇ. ಬೇಡವೆಂದವರಿಗೆ ಪೂರ್ತಿ ಸಂಬಳ. ನೋಟ್‌ಬುಕ್ಕಿನಾಕೆ ಮೊದಲ ವರ್ಷ ಬೇಡವೆಂದಿದ್ದರು, ‘ನಮ್ಮ ದುಡ್ಡು ನಿಮ್ಮ ಕೈಲಿ ಯಾಕಮ್ಮ’ ಎಂದು. ಎರಡನೇ ವರ್ಷ ಸೇರಿದರು. ಹೋದ ಜುಲೈಯಲ್ಲಿ ಅಕ್ಕನ ಮನೆಗೆ ಹೋದಾಗ ಪುಸ್ತಕ ತರಿಸಿ ನೋಡಿದೆ. ಸಂಘದ ಕಂತು ಹಾಗೇ ಇತ್ತು, ಟೀ ಪುಡಿ ಹತ್ತು ರೂಪಾಯಿಯದ್ದೇ. ಮಾತ್ರೆಯ ಸಾಲಿನಲ್ಲಿ 20 ಎಂದಿತ್ತು.